ಮುಖ ನೋಡಿದ್ದು ಸಾಕು, ಆದೇಶ ಓದೋಣ

ಸಂಪಾದಕರೇ,

ಸರ್ಕಾರ ಸರಿ ಇದೆಯೋ ಇಲ್ಲವೋ ಎಂಬ ಜಗಳ ನಿಮ್ಮ ಓದುಗರ ಪತ್ರಗಳಲ್ಲಿ ನಿಂತದ್ದೇ ಇಲ್ಲ. ಒಬ್ಬರು ‘ಇದು ಕೈಲಾಗದ ಸರ್ಕಾರ’ ಎಂದು ಬರೆದರೆ, ಮರುದಿನ ಇನ್ನೊಬ್ಬರು ‘ಹಿಂದಿನವರು ಅದೇನು ಕಡಿದು ಕಟ್ಟೆ ಹಾಕಿದ್ದರು’ ಎಂದು ಕೇಳುತ್ತಾರೆ. ಅಷ್ಟರಲ್ಲಿ ಮೂರನೆಯವರು ಬಂದು, ಕೆಲಸದ ಮಾತು ಹಾಗಿರಲಿ, ಇವರಿಗೆ ಕರುಳೇ ಇಲ್ಲ ಎನ್ನುತ್ತಾರೆ. ಅದಕ್ಕೆ ಪುರಾವೆ ಏನು? ಅನಾಹುತ ಆದ ಜಾಗಕ್ಕೆ ನಾಯಕರು ಹೋದರೋ ಇಲ್ಲವೋ, ಹೋದವರು ಅತ್ತರೋ ಇಲ್ಲವೋ, ಅತ್ತದ್ದು ನಿಜವೋ ಕ್ಯಾಮೆರಾಗೋ. ಇಷ್ಟರಲ್ಲೇ ವಾರ ಕಳೆದುಹೋಗುತ್ತದೆ.

ನಾನು ಯಾವ ಪಕ್ಷದ ಪರ ಮಾತಾಡಲೂ ಇದನ್ನು ಬರೆಯುತ್ತಿಲ್ಲ. ನನ್ನ ತಕರಾರು ನಮ್ಮ ಅಳತೆಯ ಮೇಲೆ. ಸಾಮರ್ಥ್ಯಕ್ಕೆ ಇಷ್ಟು ಅಂಕ, ನೀತಿಗೆ ಇಷ್ಟು, ಕನಿಕರಕ್ಕೆ ಇಷ್ಟು ಎಂದು ಬೇರೆ ಬೇರೆ ಹಾಕುತ್ತೇವೆ. ‘ಕೆಲಸ ಗೊತ್ತು, ಮನಸ್ಸಿಲ್ಲ’ ಅಂತ ಒಂದು ಸರ್ಕಾರಕ್ಕೆ, ‘ಮನಸ್ಸಿದೆ ಪಾಪ, ಕೆಲಸ ಗೊತ್ತಿಲ್ಲ’ ಅಂತ ಇನ್ನೊಂದಕ್ಕೆ. ನನಗೆ ಇವು ಬೇರೆ ಬೇರೆ ಅನ್ನಿಸುವುದೇ ಇಲ್ಲ. ಒಂದು ಸರ್ಕಾರಕ್ಕೆ ಕನಿಕರ ಇದೆಯೋ ಇಲ್ಲವೋ ಎಂಬುದು ಅದು ಹೊರಡಿಸಿದ ಆದೇಶದಲ್ಲೇ ಬರೆದಿರುತ್ತದೆ. ಸರ್ಕಾರ ತಪ್ಪು ಮಾಡಿದರೆ ಅದನ್ನು ಯಾರು ಸಾಬೀತು ಮಾಡಬೇಕು, ಯಾರ ಮುಂದೆ, ಎಷ್ಟು ದಿನದೊಳಗೆ, ತೀರ್ಮಾನ ಆಗುವವರೆಗೆ ದುಡ್ಡು ಯಾರ ಹತ್ತಿರ ಇರಬೇಕು? ಇದನ್ನು ಓದಿದರೆ ಸಾಕು, ನಾಯಕರ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ.

ಅಮೆರಿಕದ ಕತ್ರಿನಾ ಚಂಡಮಾರುತ ನೆನಪಿರಬಹುದು. 2005ರ ಆಗಸ್ಟ್ 29. ನ್ಯೂ ಆರ್ಲಿಯನ್ಸ್ ನಗರ ಬಿಟ್ಟು ಎಲ್ಲರೂ ಹೊರಡಲೇಬೇಕು ಎಂಬ ಆದೇಶ ಹಿಂದಿನ ದಿನ ಬಂದಿತ್ತು. ಆದೇಶ ಏನೋ ಸರಿ, ಆದರೆ ಕಾರು ಇಲ್ಲದವರು ಹೇಗೆ ಹೊರಡಬೇಕು ಅನ್ನುವುದಕ್ಕೆ ಅದರಲ್ಲಿ ಸರಿಯಾದ ಉತ್ತರ ಇರಲಿಲ್ಲ. ಬಡವರು, ಮುದುಕರು, ಕಾಯಿಲೆಯವರು ಉಳಿದುಕೊಂಡರು. ಪ್ರವಾಹ ತಡೆಯುವ ಒಡ್ಡುಗಳು ಒಡೆದು ಊರಿನ ಸುಮಾರು ಶೇ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಅಲ್ಲಿಯ ಚರ್ಚೆ ಯಾವುದರ ಸುತ್ತ ಸುತ್ತಿತು ಗೊತ್ತಲ್ವಾ? ಅಧ್ಯಕ್ಷ ಜಾರ್ಜ್ ಬುಷ್ ವಿಮಾನದ ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಒಂದು ಫೋಟೊ ಸುತ್ತ. ಎಷ್ಟು ದೂರದಿಂದ ನೋಡುತ್ತಿದ್ದಾರೆ ನೋಡಿ, ಇವರಿಗೆ ನಮ್ಮ ಕಷ್ಟ ಮುಟ್ಟುವುದೇ ಇಲ್ಲ ಎಂದು ಜನ ಸಿಟ್ಟಾದರು. ಸಿಟ್ಟು ನ್ಯಾಯವೇ. ಆದರೆ ಅವರು ಅದೇ ದಿನ ಕೆಳಗಿಳಿದು ನೀರಿನಲ್ಲಿ ನಿಂತು ಅತ್ತಿದ್ದರೂ ಒಂದು ಬಸ್ಸು ಜಾಸ್ತಿ ಬರುತ್ತಿರಲಿಲ್ಲ. (ಆಗ ವಿಕೋಪ ನಿರ್ವಹಣಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಅದಕ್ಕೂ ಮೊದಲು ಅರಬ್ ತಳಿಯ ಕುದುರೆಗಳ ಸಂಘವೊಂದರಲ್ಲಿ ಕೆಲಸ ಮಾಡಿದ್ದವರು. ಫೋಟೊಕ್ಕಿಂತ ನನಗೆ ಈ ನೇಮಕವೇ ಜಾಸ್ತಿ ಸಿಟ್ಟು ತರಿಸುತ್ತದೆ.)

ಇದರ ಪಕ್ಕದಲ್ಲಿ ಒಡಿಶಾವನ್ನು ಇಟ್ಟು ನೋಡಿ. 1999ರ ಅಕ್ಟೋಬರ್‌ನ ಚಂಡಮಾರುತದಲ್ಲಿ ಅಧಿಕೃತ ಲೆಕ್ಕದ ಪ್ರಕಾರವೇ ಹತ್ತಿರ ಹತ್ತು ಸಾವಿರ ಜನ ಸತ್ತರು. ಅದೇ ವರ್ಷ ರಾಜ್ಯ ವಿಕೋಪ ನಿರ್ವಹಣೆಗೆಂದೇ ಒಂದು ಪ್ರಾಧಿಕಾರ ಕಟ್ಟಿತು. ಕರಾವಳಿ ಉದ್ದಕ್ಕೂ ಆಶ್ರಯ ಕಟ್ಟಡಗಳು ಬಂದವು, ಊರೂರಿನ ಜನರಿಗೇ ತರಬೇತಿ ಕೊಟ್ಟರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು, 2019ರಲ್ಲಿ ಫನಿ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದರು. ಎರಡೂ ಸಲ ರಾಜ್ಯದಲ್ಲಿ ಸತ್ತವರ ಸಂಖ್ಯೆ ನೂರರೊಳಗೇ ಇತ್ತು. ಇದನ್ನು ಸಾಮರ್ಥ್ಯ ಅನ್ನೋಣವಾ, ಕನಿಕರ ಅನ್ನೋಣವಾ? ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಂಡು ಬರಬೇಕು ಅನ್ನುವುದನ್ನು ಗಾಳಿ ಏಳುವ ಮೊದಲೇ ಯೋಚಿಸಿ ಇಟ್ಟಿರುವುದಕ್ಕೆ ಬೇರೆ ಬೇರೆ ಹೆಸರು ಯಾಕೆ?

ವಿಕೋಪದಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ದಿನನಿತ್ಯದ ಆಡಳಿತದಲ್ಲಿ ಕಾಣುವುದು ಕಷ್ಟ, ಅಲ್ಲೇ ಜನ ಜಾಸ್ತಿ ನಲುಗುವುದು. ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣ ನೋಡಿ. ನಿರುದ್ಯೋಗ ಭತ್ಯೆಯಂಥ ಸಹಾಯ ಪಡೆದವರು ಆದಾಯ ಮುಚ್ಚಿಟ್ಟು ಜಾಸ್ತಿ ದುಡ್ಡು ತೆಗೆದುಕೊಂಡಿದ್ದಾರಾ ಎಂದು ಹುಡುಕಲು 2015ರ ಹೊತ್ತಿಗೆ ಒಂದು ವ್ಯವಸ್ಥೆ ತಂದರು, ಮರುವರ್ಷ ಅದನ್ನು ಕಂಪ್ಯೂಟರ್ ಕೈಗೇ ಒಪ್ಪಿಸಿದರು. ಅದು ಮಾಡಿದ್ದೇನು ಅಂದರೆ, ಒಬ್ಬರ ಇಡೀ ವರ್ಷದ ಆದಾಯವನ್ನು ತೆಗೆದುಕೊಂಡು ಎರಡೆರಡು ವಾರಕ್ಕೆ ಸಮನಾಗಿ ಹಂಚಿಬಿಟ್ಟಿತು. ಆರು ತಿಂಗಳು ದುಡಿದು, ಕೆಲಸ ಹೋದ ಮೇಲೆ ಇನ್ನಾರು ತಿಂಗಳು ಭತ್ಯೆ ಪಡೆದವನು ಪ್ರಾಮಾಣಿಕನೇ ತಾನೇ? ಕಂಪ್ಯೂಟರ್ ಲೆಕ್ಕದಲ್ಲಿ ಅವನು ವರ್ಷವಿಡೀ ದುಡಿದವನು, ಅಂದರೆ ಮೋಸಗಾರ. ಪಡೆದ ಭತ್ಯೆ ಈಗ ಸರ್ಕಾರಕ್ಕೆ ಸಾಲ, ವಾಪಸ್ ಕಟ್ಟು ಎಂದು ಮನೆಗೆ ನೋಟಿಸ್ ಬಂತು. ಸಾಲ ಇಲ್ಲ ಎಂದು ತೋರಿಸುವ ಹೊಣೆ ಅವನದೇ, ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕಿ ತರಬೇಕು. ಸಚಿವರೊಬ್ಬರು ಟಿವಿಯಲ್ಲಿ ಕೂತು, ಹುಡುಕಿ ಹಿಡಿಯುತ್ತೇವೆ, ದುಡ್ಡು ಕಟ್ಟಬೇಕಾಗುತ್ತದೆ, ಜೈಲೂ ಆಗಬಹುದು ಎಂಬ ಧಾಟಿಯಲ್ಲಿ ಹೇಳಿದರು. ಖಜಾನೆಗೆ ದುಡ್ಡು ಉಳಿಸುವ ದಕ್ಷ ಸರ್ಕಾರ ಅಂತ ಮೆಚ್ಚಿದವರೂ ಇದ್ದರು.

2019ರ ನವೆಂಬರ್‌ನಲ್ಲಿ, ಈ ಲೆಕ್ಕಕ್ಕೆ ಕಾನೂನಿನ ಆಧಾರ ಇಲ್ಲ ಎಂದು ಸರ್ಕಾರವೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಮರುವರ್ಷ ಸುಮಾರು 4.7 ಲಕ್ಷ ಸಾಲಗಳ ಬಾಬ್ತು 72 ಕೋಟಿ ಡಾಲರ್ ವಾಪಸ್ ಕೊಡುವುದಾಗಿ ಹೇಳಿತು. 2023ರಲ್ಲಿ ಬಂದ ರಾಯಲ್ ಕಮಿಷನ್ (ಉನ್ನತ ತನಿಖಾ ಆಯೋಗ) ವರದಿ ಇಡೀ ಯೋಜನೆಯನ್ನು ಒರಟು, ಕ್ರೂರ ಎಂದು ಕರೆಯಿತು. ಇಂಥ ನೋಟಿಸ್ ಬಂದ ಮೇಲೆ ಮಕ್ಕಳು ಜೀವ ಕಳೆದುಕೊಂಡ ತಾಯಂದಿರು ಆ ಆಯೋಗದ ಮುಂದೆ ಸಾಕ್ಷಿ ಹೇಳಿದರು. ನನಗೆ ತಡೆದುಕೊಳ್ಳಲಾಗದ ಸಂಗತಿ ಇನ್ನೊಂದಿದೆ. ಹೀಗೆ ಸರಾಸರಿ ತೆಗೆದು ಸಾಲ ಹೊರಿಸುವುದು ಕಾನೂನಿಗೆ ಸರಿಹೊಂದುವುದಿಲ್ಲ ಎಂಬ ಸಲಹೆ ಇಲಾಖೆಯ ಒಳಗೇ 2014ರಲ್ಲೇ ಬಂದಿತ್ತು. ಯೋಜನೆ ಶುರುವಾಗುವ ಮೊದಲೇ! ಒಳಗಿನವರ ಮಾತನ್ನೇ ಮೇಲಕ್ಕೆ ಹೋಗಲು ಬಿಡದ ವ್ಯವಸ್ಥೆ, ಹೊರಗೆ ನಿಂತು ಫೋನು ಮಾಡುವವನ ಮಾತು ಎಲ್ಲಿ ಕೇಳೀತು?

ನೆದರ್ಲೆಂಡ್ಸ್ ಅಂದರೆ ಅಚ್ಚುಕಟ್ಟು ಆಡಳಿತಕ್ಕೆ ಹೆಸರಾದ ದೇಶ. ಅಲ್ಲೂ ಇದೇ ಕಥೆ. ಮಕ್ಕಳನ್ನು ಶಿಶುವಿಹಾರದಲ್ಲಿ ಬಿಡಲು ಪೋಷಕರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಅರ್ಜಿಯಲ್ಲಿ ಒಂದು ಸಹಿ ಇಲ್ಲ, ಒಂದು ದಾಖಲೆ ಇಲ್ಲ ಎಂಬಂಥ ಕಾರಣಕ್ಕೆ ಪೂರ್ತಿ ಹಣ ವಾಪಸ್ ಕಟ್ಟಿ ಎಂದರು. ಮೊತ್ತ ಕೆಲವರಿಗೆ ಹತ್ತಾರು ಸಾವಿರ ಯೂರೊ. ‘ಬೇಕೆಂದೇ ಮಾಡಿದವರು’ ಎಂಬ ಹಣೆಪಟ್ಟಿ ಬಿದ್ದರೆ ಕಂತಿನಲ್ಲಿ ಕಟ್ಟುವ ಅವಕಾಶವೂ ಇಲ್ಲ. ಎರಡು ದೇಶಗಳ ಪೌರತ್ವ ಇದ್ದವರ ಮೇಲೆ ಜಾಸ್ತಿ ಕಣ್ಣು. ಮನೆ ಹೋಯಿತು, ಸಂಸಾರ ಮುರಿಯಿತು, ಇಂಥ ಸಾವಿರಕ್ಕೂ ಹೆಚ್ಚು ಮಕ್ಕಳು ತಂದೆತಾಯಿಯಿಂದ ಬೇರೆಯಾಗಿ ಸರ್ಕಾರದ ಆರೈಕೆಗೆ ಹೋದರು. ತಮ್ಮ ಮೇಲಿನ ಆರೋಪ ಏನು ಅಂತಾದರೂ ನೋಡೋಣ ಎಂದು ಕಡತ ಕೇಳಿದ ಪೋಷಕರ ಕೈಗೆ ಬಂದದ್ದು ಸಾಲುಸಾಲು ಕಪ್ಪು ಬಳಿದ ಪುಟಗಳು. 2017ರಲ್ಲೇ ಇಲಾಖೆಯ ವಕೀಲರೊಬ್ಬರು ಇದು ತಪ್ಪು, ಪರಿಹಾರ ಕೊಡಬೇಕು ಎಂದು ಟಿಪ್ಪಣಿ ಬರೆದಿದ್ದರು. ಅದನ್ನು ಬದಿಗೆ ಸರಿಸಿದರು. 2021ರ ಜನವರಿ 15ರಂದು ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಪ್ರಧಾನಿಯ ಪಕ್ಷ ಮತ್ತೆ ಮೊದಲ ಸ್ಥಾನಕ್ಕೆ ಬಂತು, ಆ ಮಾತು ಬೇರೆ.

ಈ ಕಥೆಯಲ್ಲಿ ನಮ್ಮಂಥವರ ಪಾಲೂ ಇದೆ, ಅದಕ್ಕೇ ಇಷ್ಟು ಉದ್ದ ಹೇಳಿದೆ. 2013ರಲ್ಲಿ ಬಲ್ಗೇರಿಯಾದಿಂದ ಜನರನ್ನು ಕರೆತಂದು ಸುಳ್ಳು ಅರ್ಜಿ ಹಾಕಿಸಿ ದುಡ್ಡು ಹೊಡೆದ ಗುಂಪೊಂದು ಅಲ್ಲಿ ಸಿಕ್ಕಿಬಿದ್ದಿತ್ತು. ಆಗ ಎದ್ದ ಗದ್ದಲ ಅಷ್ಟಿಷ್ಟಲ್ಲ. ಟಿವಿಯಲ್ಲಿ, ಸಂಸತ್ತಿನಲ್ಲಿ, ಆಳುವವರು ವಿರೋಧಿಗಳು ಎನ್ನದೆ ಎಲ್ಲರೂ ಕೂಗಿದ್ದು ಒಂದೇ: ಸರ್ಕಾರ ಮೆದುವಾಗಿದೆ, ಕೈಲಾಗದ್ದಾಗಿದೆ, ಬಿಗಿ ಮಾಡಿ. ಬಿಗಿ ಮಾಡಿದರು. ಕಳ್ಳರ ಬದಲು ಸಹಿ ಮರೆತ ತಾಯಿ ಕುತ್ತಿಗೆಗೆ ಹಗ್ಗ ಬಿತ್ತು. ಅಂದರೆ ಸರ್ಕಾರ ‘ಸಾಮರ್ಥ್ಯ’ ತೋರಿಸಲಿ ಎಂದು ನಾವು ಪತ್ರ ಬರೆದು, ಪೋಸ್ಟ್ ಹಾಕಿ ಒತ್ತಾಯಿಸುತ್ತೇವಲ್ಲ, ಆ ಒತ್ತಾಯ ಯಾರ ಬಾಗಿಲಿಗೆ ನೋಟಿಸ್ ಆಗಿ ಹೋಗುತ್ತದೆ ಅನ್ನುವುದನ್ನು ನಾವು ಕೇಳಿಯೇ ಇರುವುದಿಲ್ಲ.

ಹಾಗಾದರೆ ಮೋಸ ಮಾಡುವವರನ್ನು ಬಿಟ್ಟುಬಿಡಬೇಕಾ, ಎಲ್ಲರ ಕಥೆ ಕೇಳುತ್ತಾ ಕೂತರೆ ಸರ್ಕಾರ ನಡೆಯುತ್ತಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಡಬೇಡಿ, ಹಿಡಿಯಿರಿ. ಆದರೆ ಹಿಡಿಯುವ ಮೊದಲು ಆರೋಪ ಏನೆಂದು ಬರೆದು ಕೊಡಿ, ಲೆಕ್ಕ ತೋರಿಸಿ, ಉತ್ತರ ಕೊಡಲು ಮನುಷ್ಯರೊಬ್ಬರನ್ನು ಕೂರಿಸಿ. ಇದಕ್ಕೆ ದೊಡ್ಡ ಮನಸ್ಸೇನೂ ಬೇಡ, ಅಚ್ಚುಕಟ್ಟು ಇದ್ದರೆ ಸಾಕು. ಸರಿಯಾದ ಕಳ್ಳ ಸಿಗುವುದೂ ಇದರಿಂದಲೇ.

ಇನ್ನು ಬರೀ ಒಳ್ಳೆ ಮನಸ್ಸನ್ನೇ ನೆಚ್ಚಿಕೊಂಡವರಿಗೂ ಒಂದು ಮಾತು. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ಗುಂಡಿನ ದಾಳಿ ನಡೆದಾಗ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ ನೊಂದವರನ್ನು ತಬ್ಬಿಕೊಂಡದ್ದು ಎಲ್ಲರಿಗೂ ನೆನಪಿದೆ. ಒಂದು ತಿಂಗಳೊಳಗೆ ಬಂದೂಕು ಕಾನೂನು ಬಿಗಿಯಾದದ್ದು ಕಡಿಮೆ ಜನಕ್ಕೆ ನೆನಪಿದೆ, ನನ್ನ ಲೆಕ್ಕದಲ್ಲಿ ತಬ್ಬಿಕೊಂಡದ್ದಕ್ಕಿಂತ ಅದೇ ದೊಡ್ಡ ಕನಿಕರ. ಅದೇ ಸರ್ಕಾರ ಹತ್ತು ವರ್ಷದಲ್ಲಿ ಒಂದು ಲಕ್ಷ ಮನೆ ಕಟ್ಟಿಸುತ್ತೇವೆ ಎಂದು ಹೇಳಿ, 2019ರ ಸೆಪ್ಟೆಂಬರ್‌ನಲ್ಲಿ ಆ ಗುರಿಯನ್ನು ಕೈಬಿಟ್ಟಿತು. ಮನೆ ಸಿಗುತ್ತದೆ ಎಂದು ಕಾದಿದ್ದವರಿಗೆ ಪ್ರಧಾನಿಯ ನಗುಮುಖದಿಂದ ಏನಾಗಬೇಕು?

ನಮ್ಮ ದೇಶದ್ದೂ ಒಂದು ಹೇಳಬೇಕು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಿಸಿದ ಲಾಕ್‌ಡೌನ್ ನಾಲ್ಕೇ ಗಂಟೆಯಲ್ಲಿ ಜಾರಿಗೆ ಬಂತು. ಊರಿಗೆ ಹೊರಟ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಆ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಕೇಳಿದಾಗ, ಅಂಥ ಮಾಹಿತಿ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಬರುವುದಿಲ್ಲ ಎಂಬ ಉತ್ತರ ಬಂತು. ಆಗ ಲಾಕ್‌ಡೌನ್ ಬೇಕಿತ್ತಾ ಬೇಡವಾಗಿತ್ತಾ ಎಂದು ಇವತ್ತಿಗೂ ವಾದ ಮಾಡಬಹುದು, ಗೊತ್ತಿಲ್ಲದ ರೋಗದ ಮುಂದೆ ಯಾವ ಸರ್ಕಾರವೂ ತಡವರಿಸುತ್ತದೆ. ಆದರೆ ಲೆಕ್ಕವೇ ಇಡದಿರುವುದಕ್ಕೆ ರೋಗ ಕಾರಣ ಅಲ್ಲ. ಸತ್ತವರನ್ನು ಎಣಿಸದಿದ್ದರೆ ಸಾಮರ್ಥ್ಯವೂ ಇಲ್ಲ, ಕನಿಕರವೂ ಇಲ್ಲ.

ಈ ಎಲ್ಲದರಲ್ಲಿ ಪತ್ರಿಕೆಗಳ ಕೆಲಸ ಏನು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. 1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಸರ್ಕಾರ ಅದನ್ನು ಬರಗಾಲ ಎಂದು ಘೋಷಿಸಿರಲೇ ಇಲ್ಲ. ಆ ಆಗಸ್ಟ್‌ನಲ್ಲಿ ಕಲ್ಕತ್ತದ ‘ದಿ ಸ್ಟೇಟ್ಸ್‌ಮನ್’ ಬೀದಿಯಲ್ಲಿ ಹಸಿವಿಗೆ ಬಲಿಯಾಗುತ್ತಿದ್ದವರ ಫೋಟೊ ಹಾಕಿದ ಮೇಲೆ ಜಗತ್ತಿನ ಕಣ್ಣು ಅತ್ತ ತಿರುಗಿತು. ಚುನಾವಣೆಯೂ ಸ್ವತಂತ್ರ ಪತ್ರಿಕೆಗಳೂ ಇರುವ ಕಡೆ ದೊಡ್ಡ ಕ್ಷಾಮ ಆಗುವುದಿಲ್ಲ ಎಂದು ಅಮರ್ತ್ಯ ಸೇನ್ ವಾದಿಸುವುದು ಸುಮ್ನೆ ಅಲ್ಲ. ಕೆಳಗಿನವರ ಸಂಕಟ ಮೇಲೆ ತಲುಪದೆ ಉಳಿಯುವುದು ಅಲ್ಲಿ ಕಷ್ಟ.

ಆದ್ದರಿಂದ ಒಂದು ಕೋರಿಕೆ. ಹೊಸ ಯೋಜನೆ ಘೋಷಣೆಯಾದ ದಿನ ಮುಖಪುಟದಲ್ಲಿ ನಾಯಕರ ಫೋಟೊ ಹಾಕುತ್ತೀರಿ, ಹಾಕಿ. ಪಕ್ಕದಲ್ಲಿ ಒಂದು ಸಣ್ಣ ಚೌಕ ಮಾಡಿ, ಆದೇಶ ಓದಿ ನಾಲ್ಕು ಸಾಲು ಬರೆಯಿರಿ: ಅರ್ಜಿ ತಿರಸ್ಕಾರವಾದರೆ ಕಾರಣ ಬರವಣಿಗೆಯಲ್ಲಿ ಕೊಡುತ್ತಾರಾ, ಮೇಲ್ಮನವಿ ಯಾರಿಗೆ, ಅದು ಎಷ್ಟು ದಿನದಲ್ಲಿ ಇತ್ಯರ್ಥ ಆಗಬೇಕು, ತಪ್ಪು ಇಲಾಖೆಯದಾದರೆ ನಷ್ಟ ಯಾರದು. ಆರು ತಿಂಗಳ ನಂತರ ಅದೇ ನಾಲ್ಕು ಪ್ರಶ್ನೆ ಮತ್ತೆ ಕೇಳಿ, ಎಷ್ಟು ಮೇಲ್ಮನವಿ ಬಂದವು, ಎಷ್ಟು ಮುಗಿದವು ಎಂದು ಹಾಕಿ. ಇಲಾಖೆ ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂದೇ ಅಚ್ಚು ಮಾಡಿ. ಯಾರ ಸರ್ಕಾರ ಒಳ್ಳೆಯದು ಎಂಬ ಜಗಳವನ್ನು ನಾವು ಓದುಗರು ಹೇಗೂ ಬಿಡುವವರಲ್ಲ, ಆ ಚೌಕವನ್ನು ಮುಂದಿಟ್ಟುಕೊಂಡಾದರೂ ಆಡುತ್ತೇವೆ.

ಇಂತಿ,
ನಿಮ್ಮ ಓದುಗ