ಕಾರಿನ ಸಾಲದಿಂದ ಬಿಡಿಸಿದ ಹಿರಿಯರಿಗೆ

ಲೆಸ್ಟರ್‌ನಲ್ಲಿ ಯುಗಾದಿಯ ಊಟಕ್ಕೆ ನನ್ನ ಪಕ್ಕ ಕುಳಿತಿದ್ದ ಹಿರಿಯರೇ, ಹೆಸರು ಬರೆಯಕೂಡದೆಂದು ತಾವು ಕೇಳಿಕೊಂಡಿದ್ದರಿಂದ ಹೀಗೆಯೇ ವಂದಿಸುತ್ತೇನೆ. ಕ್ರೆಡಿಟ್ ಕಾರ್ಡುಗಳ ಬಾಕಿ ಕುತ್ತಿಗೆಗೆ ಬಂದಿದ್ದ ಆ ದಿನಗಳಲ್ಲಿ, ಕಾರಿನ 310 ಪೌಂಡ್ ಕಂತಿಗಾಗಿ ಮತ್ತೊಂದು ಸಾಲ ಮಾಡುವುದೊಂದೇ ದಾರಿಯೆಂದು ನಾನು ನಂಬಿದ್ದೆ.

ಮರುವಾರ ತಾವು ಮನೆಗೇ ಬಂದು ಒಪ್ಪಂದವನ್ನು ಸಾಲು ಸಾಲಾಗಿ ಓದಿದಿರಿ. ಅದು ಹೈರ್ ಪರ್ಚೇಸ್, ಅಂದರೆ ಕಂತುಗಳು ತೀರುವವರೆಗೆ ಕಾರು ಫೈನಾನ್ಸ್ ಕಂಪನಿಯದೇ ಆಗಿರುವ ಒಪ್ಪಂದ, ಎಂದು ಖಚಿತವಾದ ಮೇಲೆ, ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 99 ಮತ್ತು 100ನೆಯ ಕಲಮುಗಳ ಪ್ರಕಾರ ಕಾರನ್ನು ಹಿಂತಿರುಗಿಸಿ ಒಪ್ಪಂದ ಮುಗಿಸುವ ಹಕ್ಕು ನನಗಿದೆಯೆಂದೂ, ನಾನು ಅದುವರೆಗೆ ಕಟ್ಟಿದ್ದು ಬಡ್ಡಿಯೂ ಸೇರಿದ ಒಟ್ಟು ಮೊತ್ತದ ಅರ್ಧಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ತುಂಬಿದರೆ ಸಾಕೆಂದೂ ವಿವರಿಸಿದಿರಿ. ಒಟ್ಟು ಅರವತ್ತು ಕಂತುಗಳ ಪೈಕಿ 28ನ್ನು ತಪ್ಪದೆ ಕಟ್ಟಿದ್ದ ನಾನು ಕೊಡಬೇಕಾಗಿದ್ದುದು 620 ಪೌಂಡ್ ಮಾತ್ರ!

ಎಲ್ಲಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಫೈನಾನ್ಸ್ ಕಂಪನಿ ಕಳಿಸಿದ್ದ ನಮೂನೆ ಕಾರನ್ನು ಸುಮ್ಮನೆ ಒಪ್ಪಿಸಿಬಿಡುವುದಕ್ಕೆ ಸಂಬಂಧಿಸಿದ್ದು. ಅದಕ್ಕೆ ಸಹಿ ಹಾಕಿದ್ದರೆ, ಹರಾಜಿನಲ್ಲಿ ಬಂದ ಹಣ ಕಳೆದು ಉಳಿದ ಸಾಲವೆಲ್ಲ ನನ್ನ ತಲೆಯ ಮೇಲೆಯೇ ಇರುತ್ತಿತ್ತು. ಅದನ್ನು ಬದಿಗಿಡಿಸಿ, 99ನೆಯ ಕಲಮನ್ನು ಹೆಸರಿಸಿದ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದಿರಿ. ಹಾನಿಯ ನೆಪದಲ್ಲಿ ಹೆಚ್ಚು ಹಣ ಕೇಳಬಾರದೆಂದು ಕಾರಿನ ನಾಲ್ಕೂ ಬದಿಯ ಚಿತ್ರಗಳನ್ನು ತೆಗೆಸಿದಿರಿ.

ಕಾರು ಹೋದ ದಿನ ತಾವು ಫೋನ್ ಮಾಡಿ, ನಾಳೆ ಕೆಲಸಕ್ಕೆ ಯಾವ ಬಸ್ಸು ಎಂದು ಕೇಳಿದಿರಿ. ಆ ಕಾಳಜಿಗೆ ನಾನು ಸದಾ ಋಣಿ.