ಮನೆಯಿಂದ ಹೋದ ಕಾಗದಗಳನ್ನೂ ಹುಡುಕಿಸಿ: ಕೇಂದ್ರ ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರ ತಳದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ 23 ಇನ್‌ಲ್ಯಾಂಡ್ ಕಾಗದಗಳಿವೆ. 1971ರ ಯುದ್ಧದ ಹೊತ್ತಿನಲ್ಲಿ ದೊಡ್ಡಪ್ಪ ದೊಡ್ಡಮ್ಮನಿಗೆ ಬರೆದವು. ಕಳಿಸಿದವರ ವಿಳಾಸದ ಜಾಗದಲ್ಲಿ ಹೆಸರು, ನಂಬರು, ಪಲ್ಟನ್ನು, ಕೊನೆಗೆ 99 ಎಪಿಒ, ಅಂದರೆ ಸೇನಾ ಅಂಚೆ ಕಚೇರಿಯ ನಂಬರು. ಅಷ್ಟೇ. ಸೈನಿಕ ಎಲ್ಲಿದ್ದಾನೆ ಅಂತ ಗೊತ್ತಾಗಬಾರದು, ಕಾಗದ ಮಾತ್ರ ಅವನ ಕೈಗೆ ಸೇರಬೇಕು. ಸೇನಾ ಅಂಚೆಯ ಏರ್ಪಾಡೇ ಹಾಗೆ.

ಒಂದು ಕಾಗದದಲ್ಲಿ ಈ ಸಾಲಿದೆ: "ನೀನು ಕೇಳಿದ್ದಕ್ಕೆ ಹೌದು. ಮಾರಿಬಿಡು. ಅಳಬೇಡ."

ಏನನ್ನು ಮಾರುವುದು? ನಮಗೆ ಗೊತ್ತಿಲ್ಲ. ದೊಡ್ಡಮ್ಮ ಕಳಿಸಿದ ಕಾಗದ ಒಂದೂ ಉಳಿದಿಲ್ಲ. ದೊಡ್ಡಪ್ಪ ಅವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದರಂತೆ. ಮಳೆ, ಬೆವರು, ಹೊಳೆ ದಾಟಿದ್ದು, ಎಲ್ಲಾ ಸೇರಿ ಮುದ್ದೆಯಾಗಿ ಹೋದವು. ಈಗ ಇಬ್ಬರೂ ಇಲ್ಲ.

ಪ್ರತಿ ಕಾಗದವೂ 'ಉಭಯ ಕುಶಲೋಪರಿ' ಅಂತಲೇ ಶುರುವಾಗುತ್ತದೆ. ಎರಡೂ ಕಡೆ ಕ್ಷೇಮ ಅಂತ. ನಮ್ಮ ಹತ್ತಿರ ಇರುವುದು ಒಂದು ಕಡೆಯದು ಮಾತ್ರ.

ಬೇರೆ ಮನೆಗಳಲ್ಲೂ ಹೆಚ್ಚು ಕಡಿಮೆ ಹೀಗೇ ಆಗಿದೆ. ಮನೆಗೆ ಬಂದ ಕಾಗದಕ್ಕೆ ಪೆಟ್ಟಿಗೆ ಇತ್ತು. ರಣರಂಗಕ್ಕೆ ಹೋದ ಕಾಗದಕ್ಕೆ ಜೇಬು ಬಿಟ್ಟರೆ ಇನ್ನೇನಿತ್ತು?

ಮೊದಲ ಮಹಾಯುದ್ಧದ ಕಥೆ ಇದಕ್ಕಿಂತ ಬೇಸರದ್ದು. 1914ರಲ್ಲಿ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳಲ್ಲಿ ಓದು ಬರಹ ಬಾರದವರೇ ಜಾಸ್ತಿ. ಬರೆಯಬಲ್ಲವರ ಪಕ್ಕ ಕೂತು ಹೇಳಿ ಬರೆಸುತ್ತಿದ್ದರು. ಆ ಕಾಗದಗಳನ್ನು ಬ್ರಿಟಿಷರ ಸೆನ್ಸಾರ್ ಕಚೇರಿ ತೆರೆದು ಓದುತ್ತಿತ್ತು. ಅದು ಗೊತ್ತಿದ್ದ ಸಿಪಾಯಿಗಳು ಭಾರತೀಯ ಸೈನಿಕರಿಗೆ ಕರಿಮೆಣಸು ಅಂತಲೂ, ಬ್ರಿಟಿಷ್ ಸೈನಿಕರಿಗೆ ಕೆಂಪು ಮೆಣಸು ಅಂತಲೂ ಬರೆದರು. ಕರಿಮೆಣಸು ಮುಗಿಯುತ್ತಾ ಬಂತು ಅಂದರೆ ನಮ್ಮವರು ಸಾಯುತ್ತಿದ್ದಾರೆ ಅಂತ ಅರ್ಥ. ಸೆನ್ಸಾರಿನವರಿಗೂ ಅದು ತಿಳಿದುಹೋಯಿತು.

ಅವರು ಇಂಗ್ಲಿಷಿಗೆ ಅನುವಾದಿಸಿ ವರದಿಗೆ ಸೇರಿಸಿದ ತುಣುಕುಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಊರಿನಿಂದ ಸಿಪಾಯಿಗೆ ಹೋದ ಕಾಗದಗಳ ಕೆಲವು ಸಾಲುಗಳೂ ಅಲ್ಲಿವೆ. ಮೂಲ ಕಾಗದಗಳು ಹೆಚ್ಚಿನವು ಕಳೆದುಹೋಗಿವೆ. ಯೋಚಿಸಿ ನೋಡಿ ಸಾರ್. ನಮ್ಮ ಹೆಣ್ಣುಮಕ್ಕಳು ಗಂಡಂದಿರಿಗೆ ಹೇಳಿದ ಮಾತನ್ನು ಕಾಪಾಡಿದವರು ಅದನ್ನು ಅನುಮಾನದಿಂದ ಬಿಚ್ಚಿ ಓದಿದವರು. ಅದೂ ಅವರ ಭಾಷೆಯಲ್ಲಿ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಆ ಕಾಲ ಹೋಯಿತು. ಆದರೆ 1962, 1965, 1971ರ ಕಾಗದಗಳು ಇನ್ನೂ ನಮ್ಮ ಮನೆಗಳಲ್ಲಿವೆ. 1999ರ ಕಾರ್ಗಿಲ್‌ನವೂ ಇವೆ. ಇನ್‌ಲ್ಯಾಂಡ್ ಕಾಗದ ಮಡಿಕೆಯ ಗೆರೆಯಲ್ಲೇ ಮೊದಲು ಹರಿಯುತ್ತದೆ. ನಮ್ಮವು ಮೂರು ಪಟ್ಟಿಗಳಾಗಿವೆ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳು ಮಸುಕಾಗಿವೆ. ಮಕ್ಕಳ ಹೆಸರು ಬರುವುದು ಯಾವಾಗಲೂ ಆ ಅಂಚಿನಲ್ಲೇ.

ಇವನ್ನು ನಾನು ಒಂದು ಸಂಗ್ರಹಾಲಯಕ್ಕೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿದ್ದವರು ಬಿಚ್ಚಿಯೂ ನೋಡಲಿಲ್ಲ. "ಆಫೀಸರ್ ಆಗಿದ್ರಾ? ಪದಕ ಬಂದಿತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಮನೇಲೇ ಜೋಪಾನವಾಗಿ ಇಟ್ಕೊಳ್ಳಿ" ಅಂದರು.

ಹಳೇ ದಾಖಲೆಗಳನ್ನು ಕಾಪಾಡುವ ರಾಷ್ಟ್ರೀಯ ಅಭಿಲೇಖಾಗಾರ (ನ್ಯಾಷನಲ್ ಆರ್ಕೈವ್ಸ್) ನಿಮ್ಮ ಸಚಿವಾಲಯದ ಅಡಿಯಲ್ಲೇ ಬರುತ್ತದೆ. ಅದರಿಂದ ಒಂದು ಕರೆ ಕೊಡಿಸಿ. ಸೈನಿಕರ ಮನೆಗಳಲ್ಲಿರುವ ಕಾಗದಗಳನ್ನು ಸ್ಕ್ಯಾನ್ ಮಾಡಿಸಿ, ಮೂಲ ಕಾಗದವನ್ನು ಮನೆಯವರಿಗೇ ವಾಪಸ್ ಕೊಡಿ. ಸುಮ್ನೆ ಇಂಗ್ಲಿಷಿನಲ್ಲಿ ಸಾರಾಂಶ ಬರೆದಿಟ್ಟರೆ ಸಾಲದು, ಬರೆದ ಭಾಷೆಯಲ್ಲೇ ಇಡಿ. ಗಂಡ ಹೆಂಡತಿಯ ಸ್ವಂತ ಮಾತುಗಳಿರುತ್ತವೆ. ಯಾವುದನ್ನು ಎಲ್ಲರೂ ಓದಬಹುದು ಅನ್ನುವುದನ್ನು ಮನೆಯವರೇ ಹೇಳಲಿ.

ಇನ್ನೊಂದು ಕೆಲಸ ಇದಕ್ಕಿಂತ ಅವಸರದ್ದು. ಉತ್ತರ ಬರೆದವರಲ್ಲಿ ಬದುಕಿರುವವರನ್ನು ಮಾತಾಡಿಸಿ. ನಮ್ಮ ದೊಡ್ಡಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಬರೆದವರು ನಮ್ಮಪ್ಪ. ಆಗ ಅಪ್ಪನಿಗೆ 13 ವರ್ಷ. ಚಿಕ್ಕ ಮೈದುನನ ಮುಂದೆ ಗಂಡನಿಗೆ ಏನು ತಾನೇ ಹೇಳಿಯಾರು, ಅಲ್ವಾ? ಕೆಲವು ಸಲ ಸುಮ್ಮನೆ ಕೂತುಬಿಡುತ್ತಿದ್ದರಂತೆ. ಆಮೇಲೆ "ಎಲ್ಲಾ ಚೆನ್ನಾಗಿದೆ ಅಂತ ಬರಿ" ಅನ್ನುತ್ತಿದ್ದರಂತೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು ಅಂತ ರೇಡಿಯೊ ಹೇಳಿತು. ಎಲ್ಲರೂ ಕುಣಿದರು. ದೊಡ್ಡಮ್ಮ ಮಾತ್ರ ಅಂಚೆಯವನ ದಾರಿ ನೋಡುತ್ತಾ ಬಾಗಿಲಲ್ಲೇ ನಿಂತಿದ್ದರು. ಆ 23ರಲ್ಲಿ ಕೊನೆಯದು ಬಂದದ್ದು ಅದಾದ ಹನ್ನೊಂದನೇ ದಿನಕ್ಕೆ.

ಇದು ಯಾವ ಕಾಗದದಲ್ಲೂ ಇಲ್ಲ. ಅಪ್ಪನ ನೆನಪಿನಲ್ಲಿದೆ. ಏನನ್ನು ಮಾರಿದ್ದು ಅನ್ನುವುದನ್ನು ಮಾತ್ರ ಅವರು ಮರೆತಿದ್ದಾರೆ.

ನಮ್ಮ ಕಾಗದಗಳ ಪ್ರತಿ ಕೊಡಲು ನಾವು ಸಿದ್ಧ. ಯಾವ ವಿಳಾಸಕ್ಕೆ ಕಳಿಸಬೇಕು ತಿಳಿಸಿ. ನಿಮ್ಮ ಉತ್ತರದ ದಾರಿ ನೋಡುತ್ತಿರುತ್ತೇನೆ.

ಇತಿ,
ಸಿಪಾಯಿಯೊಬ್ಬರ ತಮ್ಮನ ಮಗಳು