ಮಳೆಯ ಲೆಕ್ಕದ ವರ್ಷ: ಗೆಳೆಯನಿಗೊಂದು ಪತ್ರ

ಸಿರ್ಸಿ
ಏಪ್ರಿಲ್

ಪ್ರೀತಿಯ ಗೆಳೆಯಾ,

ಪಾಠ ಬಿಟ್ಟು ಕೂಲಿ ಲೆಕ್ಕ ಬರೆಯುವ ಕೆಲಸವನ್ನು ಯಾಕೆ ಮೈಮೇಲೆ ಹಾಕಿಕೊಂಡೆ ಎಂದು ಯುಗಾದಿಯ ದಿನ ನೀನು ಫೋನಿನಲ್ಲಿ ಕೇಳಿದೆ. ಮನೆ ತುಂಬ ನೆಂಟರಿದ್ದರು, ಸರಿಯಾಗಿ ಮಾತಾಡಲಾಗಲಿಲ್ಲ. ಪಾಠ ಬಿಟ್ಟಿಲ್ಲ. ತರಗತಿಗಳ ಜೊತೆಗೆ ಕಾಲೇಜಿನ ತೋಟದ ಉಸ್ತುವಾರಿಯೂ ನನ್ನದಾಗಿದೆ, ಅದಕ್ಕೀಗ ಒಂದು ವರ್ಷ ತುಂಬಿತು. ಮಾರ್ಚ್ ಕೊನೆಯ ಬಿಲ್ಲುಗಳ ಗಡಿಬಿಡಿ ಮುಗಿದಿದೆ, ಕುಳಿತು ಬರೆಯಲು ಹೊತ್ತು ಸಿಕ್ಕಿದೆ. ಮಕ್ಕಳನ್ನು ಕೃಷಿ ಓದಿಸುತ್ತಿರುವ ಅಪ್ಪ ಅಮ್ಮಂದಿರೂ ಓದಲಿ ಎಂದು ಇದನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ.

ನೀನಿರುವುದು ವಿಜಯಪುರದ ಎರೆ ನೆಲದಲ್ಲಿ. ಅಲ್ಲಿ ಮಳೆ ಬಿದ್ದ ಮೇಲೆ ಕೆಲಸ ಶುರು. ನಮ್ಮಲ್ಲಿ ಮಳೆ ಹಿಡಿಯುವ ಮೊದಲೇ ಮುಗಿಯಬೇಕಾದ ಕೆಲಸಗಳೇ ಹೆಚ್ಚು. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣ ಕಲಸಿದ ಮದ್ದು, ಹೊಡೆಯುವುದು ಅದರಲ್ಲಿ ಮೊದಲನೆಯದು. ಮುಂಗಾರಿಗೆ ಮುಂಚೆ ಒಮ್ಮೆ ಹೊಡೆದು, 40–45 ದಿನಗಳ ನಂತರ ಹೊಳವು (ಮಳೆಯ ಬಿಡುವು) ನೋಡಿ ಮತ್ತೊಮ್ಮೆ ಹೊಡೆಯಬೇಕು. ತಪ್ಪಿದರೆ ಕೊಳೆ ರೋಗ ಬಂದು ಎಳೆಗಾಯಿ ಮರದ ಬುಡಕ್ಕೆ ಸುರಿಯುತ್ತದೆ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ತೋಟಗಳನ್ನು ಸುತ್ತಿ ಈ ರೋಗದ ಬಗ್ಗೆ ವರದಿ ಬರೆದದ್ದು 1910ರಲ್ಲಿ. ಬೋರ್ಡೋ ಸಿಂಪಡಣೆ ನಮ್ಮ ಸೀಮೆಯ ರೈತರ ಕೈಗೆ ಬಂದದ್ದು ಆ ಕೆಲಸದಿಂದ. ನೂರು ವರ್ಷ ದಾಟಿದರೂ ಅದನ್ನು ಮೀರಿಸುವ ಅಗ್ಗದ ಮದ್ದು ಬಂದಿಲ್ಲ.

ನಮ್ಮ ವೇಳಾಪಟ್ಟಿಯಲ್ಲಿ ಬೋರ್ಡೋ ತಯಾರಿಕೆಯ ಪ್ರಾಯೋಗಿಕ ತರಗತಿ ಬರುವುದು ಯಾವಾಗ ಗೊತ್ತೇ? ಡಿಸೆಂಬರಿನಲ್ಲಿ. ಮಕ್ಕಳು ಪ್ರಯೋಗಾಲಯದಲ್ಲಿ ಒಂದು ಬೀಕರಿನಷ್ಟು ಮಾಡುತ್ತಾರೆ, ಅಳತೆ ಬರೆದುಕೊಳ್ಳುತ್ತಾರೆ, ತೊಟ್ಟಿಗೆ ಚೆಲ್ಲಿ ಕೈ ತೊಳೆಯುತ್ತಾರೆ. ಜೂನಿನಲ್ಲಿ ತೋಟಕ್ಕೆ ನಿಜವಾಗಿ ಮದ್ದು ಬೇಕಾದಾಗ ಅವರು ಪರೀಕ್ಷೆಯ ಕೊಠಡಿಯಲ್ಲಿ, ಇಲ್ಲವೇ ರಜೆಗೆ ಊರಿನಲ್ಲಿ. ಹೀಗೆ ನಾಲ್ಕು ವರ್ಷ ಕಳೆದು ಪದವಿ ಪಡೆದವನು ಮಳೆಗಾಲದ ಅಡಿಕೆ ತೋಟವನ್ನು ಒಮ್ಮೆಯೂ ನೋಡದೆ ಅಡಿಕೆ ಬೆಳೆಗಾರನಿಗೆ ಸಲಹೆ ಕೊಡಲು ಹೊರಡುತ್ತಾನೆ. ಉಸ್ತುವಾರಿ ಒಪ್ಪಿಕೊಳ್ಳಲು ನನಗೆ ಇದೊಂದೇ ಕಾರಣ ಸಾಕಾಯಿತು.

ಕಳೆದ ಮೇ ತಿಂಗಳಲ್ಲಿ ಪ್ರಾಂಶುಪಾಲರ ಬಳಿ ಕುಳಿತು ಕೇಳಿಕೊಂಡೆ. ಮನಸ್ಸಿದ್ದ ಮಕ್ಕಳು ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿಯಲಿ, ಊಟದ ವ್ಯವಸ್ಥೆ ಮಾಡಿಕೊಡಿ ಎಂದೆ. ಒಪ್ಪಿದರು. ಮೃಗಶಿರ ಮಳೆ ಇನ್ನೂ ಬಲವಾಗಿರಲಿಲ್ಲ. ಬೆಳಗಿನ ಜಾವವೇ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಕಲಸಲು ಶುರು. ತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತ, ಕೋಲಿನಿಂದ ತಿರುಗಿಸುತ್ತ ಇದ್ದಾಗ ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದ. ಅಲಗಿನ ಮೇಲೆ ಕೆಂಪು ಕಟ್ಟಿತ್ತು. ‘ಸುಣ್ಣ ಸಾಲದು’ ಎಂದ. ತಾಮ್ರ ಇನ್ನೂ ಬಿಡಿಯಾಗಿ ಉಳಿದು ಕಬ್ಬಿಣಕ್ಕೆ ಅಂಟುತ್ತಿದೆ, ಇದೇ ದ್ರಾವಣವನ್ನು ಹೊಡೆದರೆ ಅಡಿಕೆಯ ಹೂಗೊನೆ, ಅಂದರೆ ಸಿಂಗಾರ, ಸುಡುತ್ತದೆ ಎಂದು ನಾನು ವಿವರಿಸಿದೆ. ಪುಸ್ತಕದಲ್ಲಿ ಓದಿದ ರಸಾಯನಶಾಸ್ತ್ರ ಆ ಕತ್ತಿಯ ಮೇಲೆ ಕಂಡಾಗ ಒಬ್ಬ ಹುಡುಗಿ ಅದನ್ನು ಕೇಳಿ ಪಡೆದು ತಾನೇ ಮತ್ತೆ ಮತ್ತೆ ಅದ್ದಿ ನೋಡಿದಳು. ಅವಳು ನಿಮ್ಮ ಬಯಲು ಸೀಮೆಯವಳು.

ಎರಡನೆಯ ಸಿಂಪಡಣೆಗೆ ಪುಷ್ಯ ಮಳೆ ಬಿಡುವು ಕೊಡಲಿಲ್ಲ. ಮಳೆ ಒಂದಿಷ್ಟು ನಿಂತಿತೆಂದರೆ ತರಗತಿಯಿಂದ ಮಕ್ಕಳನ್ನು ಕರೆಯಬೇಕಾಗುತ್ತಿತ್ತು. ಸಹೋದ್ಯೋಗಿಗಳು ಗೊಣಗಿದರು, ಅವರ ಕಷ್ಟವೂ ನಿಜ. ಹಾಜರಿ, ಆಂತರಿಕ ಪರೀಕ್ಷೆ, ಎಲ್ಲಕ್ಕೂ ತಾರೀಕು ಮೇಲಿನಿಂದಲೇ ಬಂದಿರುತ್ತದೆ. ಆದರೂ ಹೇಳುತ್ತೇನೆ: ಹೊಳವು ಬಿದ್ದ ಆ ಒಂದು ಮಧ್ಯಾಹ್ನದ ಮುಂದೆ ನನ್ನ ಹತ್ತು ಉಪನ್ಯಾಸಗಳು ಏನೇನೂ ಅಲ್ಲ.

ಹಣದ್ದು ಇನ್ನೊಂದು ಕಥೆ. ತುತ್ತ ಕೊಳ್ಳಬೇಕಾದದ್ದು ಮೇ ತಿಂಗಳಲ್ಲಿ. ಅನುದಾನದ ಮೊದಲ ಕಂತು ಕೈಗೆ ಬರುವಾಗ ಕಾಯಿ ಉದುರಿ ಮುಗಿದಿರುತ್ತದೆ. ಮಾರ್ಚಿನಲ್ಲಿ ಮಾತ್ರ ‘31ರೊಳಗೆ ಖರ್ಚು ಮಾಡಿ’ ಎಂಬ ಪತ್ರದ ಮೇಲೆ ಪತ್ರ. ತೋಟದ ಅಡಿಕೆ, ಕಾಳುಮೆಣಸು, ಸಸಿ ಮಾರಿದ ದುಡ್ಡು ಹಾಗೇ ಮೇಲಿನ ಖಾತೆಗೆ ಹೋಗುತ್ತದೆ. ಅದರಲ್ಲೊಂದು ಪಾಲು ಆವರ್ತ ನಿಧಿಯಾಗಿ ತೋಟದಲ್ಲೇ ಉಳಿದರೆ ಮುಂದಿನ ಮಳೆಗಾಲಕ್ಕೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಈ ವಿಷಯಕ್ಕೆ ಬರೆದ ಮನವಿಗೆ ಉತ್ತರ ಇನ್ನೂ ಬಂದಿಲ್ಲ.

ನರ್ಸರಿಯ ಬಗ್ಗೆ ಹೇಳದಿದ್ದರೆ ಈ ಪತ್ರವೇ ಅರ್ಧ. ಫೆಬ್ರವರಿ–ಮಾರ್ಚಿನಲ್ಲಿ ಕಾಳುಮೆಣಸಿನ ಹಬ್ಬು ಬಳ್ಳಿ ಕತ್ತರಿಸಿ ಪಾಲಿಥಿನ್ ಚೀಲಕ್ಕೆ ಊರಬೇಕು, ಆಗ ಜೂನ್ ಹೊತ್ತಿಗೆ ಸಸಿ ಸಿದ್ಧ. ಪಣಿಯೂರು–1 ತಳಿ ಕೇಳಿಕೊಂಡು ಬರುವವರು ಬಹಳ, ಆದರೆ ನಾನು ನಮ್ಮ ಊರಿನ ತಳಿ ಮಲ್ಲಿಸರವನ್ನೂ ಬಿಡದೆ ಮಾಡಿಸಿದೆ. ಮಳೆ ಹಿಡಿದ ಮೇಲೆ ಉಪ್ಪಿನಕಾಯಿ ಮಾವು ಅಪ್ಪೆಮಿಡಿಯ ಕಸಿ. ಹೊಳೆಯಂಚಿನ ಹಳೆಯ ಮರಗಳಿಂದ ಕಡ್ಡಿ ತಂದು ಎಳೆ ಸಸಿಗೆ ಕಟ್ಟುವ ಕೆಲಸವನ್ನು ನಮ್ಮ ನರ್ಸರಿಯ ಹೆಂಗಸರಷ್ಟು ಚೊಕ್ಕವಾಗಿ ಯಾವ ಪದವೀಧರನೂ ಮಾಡಲಾರ. ಯಾವ ಕಡ್ಡಿ ಹತ್ತುತ್ತದೆ, ಯಾವುದು ಒಣಗುತ್ತದೆ ಎಂಬುದನ್ನು ಅವರು ಬೆರಳಲ್ಲೇ ಅರಿಯುತ್ತಾರೆ. ಆದರೆ ನಮ್ಮ ಹಾಜರಿ ಪುಸ್ತಕದಲ್ಲಿ ಅವರು ಬರೀ ದಿನಗೂಲಿಗಳು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ನೆನೆದುಕೋ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದಲೇ ಶುರು ಮಾಡಿ ಗಿಡಗಳನ್ನು ಬೆಳೆಸುತ್ತ ಬಾಳಿದರು. ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತು ಹಿಡಿದು ಬೀಜ ಆರಿಸುತ್ತಿದ್ದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಅರಿವುಳ್ಳವರು ನಮ್ಮ ಬೇಲಿಯ ಒಳಗೇ ಇರುವಾಗ ಕಸಿಯ ಪಾಠವನ್ನು ನಾನು ಮಾಡಬೇಕೇಕೆ? ಈ ವರ್ಷ ಮಾಡಿದವರು ನಮ್ಮ ನರ್ಸರಿಯ ಹೆಂಗಸರೇ. ನಾನು ಪಕ್ಕದಲ್ಲಿ ನಿಂತಿದ್ದೆ.

ಅಂತಿಮ ವರ್ಷದವರನ್ನು ಕುಮಟಾ ಕಡೆಗೂ ಕರೆದುಕೊಂಡು ಹೋಗಿದ್ದೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಮಾಣಿಕಟ್ಟಾ ಸುತ್ತಿನ ಗಜನಿ (ಉಪ್ಪು ನೀರು ನುಗ್ಗುವ) ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ತಾಳುವ, ನೆರೆಯಲ್ಲಿ ಮುಳುಗಿದರೂ ತಲೆ ಎತ್ತುವ ತಳಿ. ಗೊಬ್ಬರ ಕೇಳುವುದಿಲ್ಲ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಆದರೆ ಕಗ್ಗದ ಗದ್ದೆಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ನಮ್ಮ ಪಠ್ಯದಲ್ಲಿ ಕಗ್ಗಕ್ಕೆ ಒಂದು ಸಾಲೂ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಡಿಕೆ ಕೊಯ್ಲು ಸುಗಮವಾಗಿಯೇ ನಡೆಯಿತು. ಎಲೆಚುಕ್ಕಿ ರೋಗ ಮಾತ್ರ ಹೆದರಿಸುತ್ತಿದೆ. ರೋಗ ಹತ್ತಿದ ಸೋಗೆ (ಅಡಿಕೆ ಗರಿ) ಕತ್ತರಿಸಿ ಸುಟ್ಟದ್ದೇ ಸುಟ್ಟದ್ದು, ಆದರೆ ನಮ್ಮ ತೋಟವೊಂದು ಶುಚಿಯಾದರೆ ಸಾಲದು, ಪಕ್ಕದ ತೋಟದಿಂದ ಗಾಳಿ ಮಳೆಯ ಜೊತೆ ಮತ್ತೆ ಬರುತ್ತದೆ. ಊರೆಲ್ಲ ಒಟ್ಟಿಗೆ ಮಾಡಬೇಕಾದ ಕೆಲಸ ಅದು.

ಈಗ ನಿನ್ನಿಂದ ಆಗಬೇಕಾದದ್ದು. ನೀನು ಪಠ್ಯಕ್ರಮ ಸಮಿತಿಯಲ್ಲಿದ್ದೀಯ. ವಿಜಯಪುರದ ಹಿಂಗಾರಿ ಜೋಳಕ್ಕೂ ಸಿರ್ಸಿಯ ಅಡಿಕೆಗೂ ಒಂದೇ ವೇಳಾಪಟ್ಟಿ ಹೊಂದುವುದು ಸಾಧ್ಯವೇ ಇಲ್ಲ. ಪ್ರಾಯೋಗಿಕ ತರಗತಿಗಳ ತಾರೀಕನ್ನಾದರೂ ಆಯಾ ಕಾಲೇಜಿನ ತೋಟಕ್ಕೆ ಬಿಡಿ ಎಂದು ಬರುವ ಸಭೆಯಲ್ಲಿ ಕೇಳು. ನಿಮ್ಮಲ್ಲಿ ಬಿತ್ತನೆ, ಎಡೆ ಹೊಡೆಯುವುದು, ಕೊಯ್ಲು ಯಾವ ವಾರಗಳಲ್ಲಿ, ಪರೀಕ್ಷೆಗಳು ಯಾವ ವಾರಗಳಲ್ಲಿ ಎಂದು ಬರೆದು ಕಳುಹಿಸು. ನಮ್ಮದನ್ನು ನಾನು ಸಿದ್ಧ ಮಾಡಿಟ್ಟಿದ್ದೇನೆ. ಎರಡನ್ನೂ ಸೇರಿಸಿ ಒಂದೇ ಮನವಿ ಬರೆಯೋಣ, ಮೇ ಎರಡನೆಯ ವಾರದೊಳಗೆ ಕೊಡಬೇಕು.

ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ನಿನ್ನ
ಹಾಸ್ಟೆಲ್ ಕೋಣೆಯ ಗೆಳೆಯ